ಮೊಮ್ಮಗಳ ಪರೀಕ್ಷೆಯಲ್ಲಿ ನಾನು ಕಾಪಿ ಹೊಡೆದ ಕುರಿತು

ಮನಶ್ಶಾಸ್ತ್ರಜ್ಞರಿಗೆ ಪರವಾನಗಿ ಕೊಡುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ತಮಗೂ ತಮ್ಮ ದಪ್ಪನೆಯ ನಿಯಮ ಪುಸ್ತಕಕ್ಕೂ ನಮಸ್ಕಾರಗಳು. ನಾನು ನಾಲ್ಕು ಮಕ್ಕಳ ತಾಯಿ, ಒಂಬತ್ತು ಮೊಮ್ಮಕ್ಕಳ ಅಜ್ಜಿ, ಹೈಸ್ಕೂಲನ್ನು ಮೊದಲ ದರ್ಜೆಯಲ್ಲಿ ಮುಗಿಸಿದವಳು. ನಮ್ಮ ಮನೆಯಲ್ಲಿ ನಾನು ಕೂತ ಮೇಲೆ ಉಳಿದವರು ಕೂರುತ್ತಾರೆ, ನಾನು ಎದ್ದು ಹೋದ ಮೇಲೆ ಮಾತಾಡುತ್ತಾರೆ. ಇಂಥವಳು ತಮಗೆ ದೂರು ಬರೆಯುತ್ತಿದ್ದಾಳೆಂದರೆ ತಾವು ಅದನ್ನು ಗೌರವವೆಂದೇ ತಿಳಿಯಬೇಕು.

ನನ್ನ ಹಿರಿಯ ಮೊಮ್ಮಗಳು ಐದು ವರ್ಷ ಮನಶ್ಶಾಸ್ತ್ರ ಓದಿದಳು, ಆ ಐದು ವರ್ಷವೂ ಅವಳ ಪ್ರಯೋಗಾಲಯ ನಾನೇ ಆಗಿದ್ದೆ. ಮಸಿ ಚೆಲ್ಲಿದ ಹಾಳೆ ಹಿಡಿದು ಏನು ಕಾಣುತ್ತದೆ ಎಂದು ಕೇಳಿದಳು, ಚೆಲ್ಲಿದವರ ಬೇಜವಾಬ್ದಾರಿ ಕಾಣುತ್ತದೆ ಎಂದೆ. ನಾನು ಬಟ್ಟೆ ಮಡಚುವಾಗಲೂ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಳು. ಆಗ ನಾನು ಅವಳ ಅಜ್ಜಿ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಈಗ ತಾವು ಪರವಾನಗಿ ಕೊಟ್ಟಿದ್ದೀರಿ. ಅವಳಿಗೊಂದು ಕೋಣೆ, ಎರಡು ಕುರ್ಚಿ, ಬಾಗಿಲ ಮೇಲೆ ಹೆಸರು. ಬಂದವರ ಮಾತನ್ನು ಐವತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳುತ್ತಾಳಂತೆ. ಊಟಕ್ಕೆ ಕೂತಾಗ ನನ್ನ ಮಾತನ್ನು ಎರಡು ನಿಮಿಷ ಕೇಳಿಸಿಕೊಳ್ಳದ ಹುಡುಗಿಗೆ ಈ ಸಹನೆ ಕಲಿಸಿದ ತಮಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ನಾನೂ ಹೋಗಿ ಸರದಿಯಲ್ಲಿ ಕೂತೆ. "ಅಜ್ಜಿ, ಮನೆಯವರನ್ನ ನಾನು ನೋಡೋ ಹಾಗಿಲ್ಲ, ರೂಲ್ಸ್ ಇದೆ. ಪಕ್ಕದ ರೂಮಲ್ಲಿ ನಮ್ಮ ಮೇಡಂ ಇದ್ದಾರೆ, ಅವರ ಹತ್ರ ಹೋಗು" ಎಂದಳು.

ಹೋದ ಕಾರಣವನ್ನೂ ಹೇಳಿಬಿಡುತ್ತೇನೆ. ಕಳೆದ ತಿಂಗಳು ಸ್ವಂತ ನಾದಿನಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಹೆಸರಿಗಾಗಿ ತಡಕಾಡಿದೆ. ನಲವತ್ತು ವರ್ಷ ಅವಳನ್ನು ಹೆಸರು ಹಿಡಿದೇ ಬೈದವಳು ನಾನು. ಅದಾಗಿ ಮೂರು ದಿನಕ್ಕೆ, ನಮ್ಮ ಬೀದಿಗೆ ಎಡಕ್ಕೋ ಬಲಕ್ಕೋ ತಿಳಿಯದೆ ತಿರುವಿನಲ್ಲಿ ನಿಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇದು ಪತ್ರಿಕೆಗೂ ಕಳಿಸುತ್ತಿರುವ ಬಹಿರಂಗ ಪತ್ರವಾದ್ದರಿಂದ ಈಗ ಎಲ್ಲರಿಗೂ ಗೊತ್ತಾಗುತ್ತದೆ, ಗೊತ್ತಾಗಲಿ.

ಪಕ್ಕದ ರೂಮಿನ ಮೇಡಂ, ಮೊಮ್ಮಗಳು ಕೊಟ್ಟಿದ್ದ ನನ್ನ ಹಳೆಯ ವರದಿ ತೆಗೆದು, "ಮೊದಲಿನದಕ್ಕೆ ಹೋಲಿಸಿ ನೋಡೋಣಮ್ಮ" ಎಂದರು. ಮೊಮ್ಮಗಳು ಓದುವಾಗ ಬರೆದ ವರದಿ ಅದು: ಹದಿನೈದು ಪದ ಓದಿ ಹೇಳಿದರೆ ಅರ್ಧ ಗಂಟೆಯ ನಂತರ ಹದಿನೈದನ್ನೂ ತಪ್ಪದೆ ಒಪ್ಪಿಸಿದ ವೃದ್ಧೆಯ ಬಗ್ಗೆ. ಸತ್ಯವೇನೆಂದರೆ, ಹಿಂದಿನ ದಿನವೇ ಅವಳ ಚೀಲದಿಂದ ಆ ಪಟ್ಟಿ ತೆಗೆದು ಬಾಯಿಪಾಠ ಮಾಡಿದ್ದೆ. ನಾನೇ ಎತ್ತಿ ಆಡಿಸಿದವಳ ಮುಂದೆ ನಪಾಸಾಗುವ ಜಾಯಮಾನ ನನ್ನದಲ್ಲ. ಹೀಗಾಗಿ ನನ್ನ ನೆನಪು ಎಷ್ಟು ಇಳಿದಿದೆ ಎಂದು ನೋಡಲು ಎಂದೂ ಏರದ ಎತ್ತರದಿಂದ ಅಳೆಯಬೇಕಾಗಿತ್ತು. ಪರೀಕ್ಷೆ ಇನ್ನೊಂದು ದಿನ ಇರಲಿ ಎಂದು ಎದ್ದು ಮನೆಗೆ ಬಂದೆ.

ಆದ್ದರಿಂದ ಮೊಮ್ಮಗಳೇ ನನ್ನನ್ನು ನೋಡುವಂತೆ, ಪ್ರತಿ ಮಂಗಳವಾರ ಹತ್ತರಿಂದ ಹನ್ನೊಂದರವರೆಗೆ ನಾನು ಅವಳ ಅಜ್ಜಿಯಲ್ಲವೆಂದು ತಾವು ಆದೇಶ ಹೊರಡಿಸಬೇಕು, ಇಲ್ಲವೇ ಐದು ವರ್ಷ ಪ್ರಯೋಗಕ್ಕೆ ಒಳಗಾದ ನನಗೂ ಅರ್ಧ ಪರವಾನಗಿ ದಯಪಾಲಿಸಬೇಕು. ಕಾಪಿ ಹೊಡೆದದ್ದಕ್ಕೆ ಶಿಕ್ಷೆ ನನಗಿರಲಿ. ಅವಳ ಪದವಿಯನ್ನು ಮಾತ್ರ ಮುಟ್ಟಬೇಡಿ.

ತಮ್ಮ ಉತ್ತರ ಬರುವಷ್ಟರಲ್ಲಿ ದೂರೇನೆಂಬುದೇ ಮರೆತುಹೋದೀತೆಂದು ಕಳೆದ ಬುಧವಾರ ಮತ್ತೆ ಹೋಗಿ, ಮೊಮ್ಮಗಳನ್ನೂ ಕರೆಸಿ, ಮೇಡಂ ಎದುರು ತಪ್ಪೊಪ್ಪಿಕೊಂಡೆ. "ಅಜ್ಜೀ, ನೀನು ಕಾಪಿ ಹೊಡೆದ್ಯಾ? ಅದೇ ಪ್ರಾಜೆಕ್ಟಿಗೆ ನಂಗೆ ಫಸ್ಟ್ ಕೊಟ್ಟಿದ್ದು" ಎಂದು ಅವಳು ಕುರ್ಚಿಯಲ್ಲೇ ಕುಸಿದಳು. ಅವಳನ್ನು ಹೊರಗೆ ಕಳಿಸಿ, ಹಳೆಯ ವರದಿಯನ್ನು ಕಡತದಿಂದ ತೆಗೆಸಿ, ಹೊಸದಾಗಿ ಪರೀಕ್ಷೆಗೆ ಕೂತೆ. ಹದಿನೈದಕ್ಕೆ ಏಳು. ಆ ಹಾಳೆಯ ಕೆಳಗೆ ನಾನೇ ರುಜು ಹಾಕಿ ಹೊರಗೆ ಬಂದಾಗ ಅವಳು ಕಾಯುವವರ ಬೆಂಚಿನ ಮೇಲೆ ಕೂತಿದ್ದಳು. ಅಲ್ಲಿ ಕೂರಲು ತಮ್ಮ ನಿಯಮದ ಅಡ್ಡಿಯಿಲ್ಲವಂತೆ.

ಸದ್ಯಕ್ಕೆ ಎಲ್ಲವೂ ನೆನಪಿರುವ
ತಮ್ಮ ವಿಶ್ವಾಸಿ,
ಒಬ್ಬ ಅಜ್ಜಿ

ಮರೆಯದೆ ಸೇರಿಸಿದ್ದು: ನನ್ನ ಮೊದಲ ಎರಡು ಪತ್ರಗಳು ತಲುಪಿಯೇ ಇಲ್ಲವೆಂದು ತಮ್ಮ ಕಚೇರಿಯವರು ಉತ್ತರ ಬರೆದು, ಅದಕ್ಕೆ ಆ ಎರಡೂ ಪತ್ರಗಳನ್ನು ಪಿನ್ನು ಹಾಕಿ ಕಳಿಸಿದ್ದಾರೆ. ಅವರನ್ನೂ ಕಳಿಸಿ, ಮೇಡಂ ಅವರಿಗೆ ಗುರುವಾರ ಬಿಡುವಿದೆ, ಕೇಳಿದ್ದೇನೆ.