ನನ್ನ ಎಕ್ಕಡದ ಏಳುಬೀಳು

ಬೇಡದ್ದನ್ನು ಓದಿ ತಲೆ ಕೆಡಿಸಿಕೊಳ್ಳುವುದು ನನ್ನ ಹಳೆಯ ಚಾಳಿ. ಮೊನ್ನೆ ಹಾಸನದ ನಮ್ಮ ಕಚೇರಿಯಲ್ಲಿ ಕರೆಂಟು ಹೋಯಿತು. ಸದ್ಯ, ಕೆಲಸ ಮಾಡುವ ಗಂಡಾಂತರ ತಪ್ಪಿತು ಎಂದು ಮೊಬೈಲು ತೆಗೆದೆ. ಅಮೆರಿಕದಲ್ಲಿ ಕರೂಕ್ ಎಂಬ ಮೂಲನಿವಾಸಿಗಳಿದ್ದಾರಂತೆ. ಅವರ ನುಡಿಯಲ್ಲಿ ಕಾಲಿಗೆ ಹಾಕುವುದಕ್ಕೆಲ್ಲ ಏನೇನು ಹೆಸರಿವೆ ಎಂದು ಯಾರೋ ಪುಣ್ಯಾತ್ಮರು ಒಂದು ಕಡೆ ಜೋಡಿಸಿಟ್ಟಿದ್ದಾರೆ. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಇಂಥ ಒಬ್ಬರಾದರೂ ನನ್ನ ಹೆಂಡತಿಯ ಊರು ಕಟ್ಟಾಯಕ್ಕೆ ಬಂದು ನಮ್ಮ ಅತ್ತೆ ಪುಟ್ಟಮ್ಮನವರನ್ನು ಮಾತಾಡಿಸಬಾರದಿತ್ತೆ?

ನಮ್ಮತ್ತೆಯ ಬಾಯಲ್ಲಿ ಪದ ಬದಲಾಗುವುದು ಚರ್ಮ ನೋಡಿ ಅಲ್ಲ, ಹಾಕಿಕೊಂಡವರ ಮುಖ ನೋಡಿ. ಊರಿಗೆ ಬಂದ ಅಧಿಕಾರಿಯದು ಬೂಡ್ಸು. ಹೊಸ ಅಳಿಯನದು ಜೋಡು. ಅದೇ ಅಳಿಯನಿಗೆ ಒಂದು ಮಗುವಾದ ಮೇಲೆ ಚಪ್ಪಲಿ. ಮಾವ ತೋಟಕ್ಕೆ ಮೆಟ್ಟಿಕೊಂಡು ಹೋಗುವ ಟೈರಿನ ವಸ್ತು ಮಾತ್ರ ಎಕ್ಕಡ. ನಾನು ಮದುವೆಯಾದ ಹೊಸದರಲ್ಲಿ ಜೋಡಾಗಿದ್ದೆ. ಆಮೇಲೆ ಎಲ್ಲರಂತೆ ಚಪ್ಪಲಿಯಾದೆ. ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ.

ನಿಲ್ಲಲಿಲ್ಲ. ನನ್ನ ನಾದಿನಿಯ ಗಂಡ, ಚನ್ನರಾಯಪಟ್ಟಣದ ಲೋಕೇಶ, ಮದುವೆಯಾಗಿ ಇನ್ನೂ ಎರಡು ತಿಂಗಳು. ಅವನು ಬಂದ ದಿನವೇ ನಾವೂ ಹೋಗಿದ್ದೆವು. ಅತ್ತೆ ಜಗಲಿಯಿಂದ ನನ್ನ ಹೆಂಡತಿಯನ್ನು ಕೂಗಿ ಹೇಳಿದರು: "ಸವಿತಾ, ಅಳೀಮಯ್ಯನ ಜೋಡು ಬಿಸ್ಲಲ್ ಅವೆ ಕಣವ್ವಾ, ಒಳೀಕ್ ತಂದಿಡು. ಆ ಎಕ್ಕಡ ಒಸಿ ಅತ್ಲಾಗ್ ತಳ್ಳು."

ಆ ಎಕ್ಕಡ ನನ್ನದು! ಹನ್ನೆರಡು ವರ್ಷ ಆ ಮನೆಯ ಆಲೂಗಡ್ಡೆ ಮೂಟೆ ಹೊತ್ತಿದ್ದೇನೆ, ಶುಂಠಿಗೆ ನೀರು ಕಟ್ಟಿದ್ದೇನೆ, ಕೊನೆಗೆ ಈ ಗತಿ. ಬಸ್ಸಿನಲ್ಲಿ ಹಾಸನದವರೆಗೂ ಸವಿತಾಳ ಹತ್ತಿರ ಕೂಗಾಡಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅದ್ಕೇನೀಗ? ಹೊಸಾದು ತಗಳಿ," ಎಂದು ತಾನೇ ಅಂಗಡಿಗೆ ಕರೆದುಕೊಂಡು ಹೋಗಿ, ಹತ್ತಾರು ಜೊತೆ ಇಳಿಸಿ, ಮುಖ ಕಾಣುವಂಥ ಕರಿ ಶೂ ಆರಿಸಿಕೊಟ್ಟಳು.

ಮುಂದಿನ ಭಾನುವಾರ ಅದನ್ನು ಹಾಕಿಕೊಂಡು ಕಟ್ಟಾಯದಲ್ಲಿ ಇಳಿದೆ. ಟಕ್ ಟಕ್ ಸದ್ದಿಗೆ ನಾಯಿಯೂ ಎದ್ದು ನಿಂತಿತು. ಅತ್ತೆ ಕಣ್ಣರಳಿಸಿದರು. "ಅಯ್ ಶಿವನೇ, ಬೂಡ್ಸು!" ಎಂದು ತಾವೇ ಎತ್ತಿ ಪಡಸಾಲೆಯ ಹಲಗೆಯ ಮೇಲೆ, ಅವತ್ತೂ ಬಂದಿದ್ದ ಲೋಕೇಶನ ಜೋಡಿನ ಪಕ್ಕ ಇಟ್ಟರು. ಗೆದ್ದೆ! ಜೋಡನ್ನೂ ದಾಟಿ ನೇರ ಬೂಡ್ಸಿಗೇ ಹಾರಿದ್ದೆ.

ಊಟದ ಹೊತ್ತಿಗೆ ಗೊತ್ತಾಯಿತು ಗೆಲುವಿನ ರುಚಿ. ನನ್ನನ್ನು ಲೋಕೇಶನ ಜೊತೆ ಪಡಸಾಲೆಯಲ್ಲಿ ಕುರ್ಚಿ ಮೇಲೆ ಕೂರಿಸಿದರು. ಬಟ್ಟಲಲ್ಲಿ ಲೆಕ್ಕಕ್ಕೆ ನಾಲ್ಕು ತುಂಡು, ನಿಂಬೆಹಣ್ಣಿನ ಗಾತ್ರದ ಮುದ್ದೆ, ಮೇಲೊಂದು ಚಮಚ! ಒಳಗೆ ಅಡುಗೆಮನೆಯಲ್ಲಿ ಮಾವ, ಭಾಮೈದ, ಸವಿತಾ ಎಲ್ಲ ಒಲೆಯ ಮುಂದೆ ಚಕ್ಕಂಬಕ್ಕಳ ಹಾಕಿಕೊಂಡು ಮೂಳೆ ಚೀಪುತ್ತ ಕೇಕೆ ಹಾಕಿ ನಗುತ್ತಿದ್ದರು. ಹನ್ನೆರಡು ವರ್ಷ ನನ್ನ ಜಾಗವೂ ಅಲ್ಲೇ ಇತ್ತು, ಒಲೆಯ ಎಡಕ್ಕೆ. ಈಗ ಇನ್ನೊಂದು ಮುದ್ದೆ ಕೇಳಲೂ ಬಾಯಿ ಬರಲಿಲ್ಲ. ನೆಂಟರು ಕೇಳುತ್ತಾರೆಯೆ?

ಲೋಕೇಶ ನನ್ನ ಕಿವಿಯ ಹತ್ತಿರ ಬಾಗಿದ. "ಅಣ್ಣಾ, ಎಲ್ಡ್ ತಿಂಗ್ಳಿಂದ ಇಂಗೇ ಅರೆಹೊಟ್ಟೆ ಕಣಣ್ಣಾ. ನಾನು ಒಳೀಕ್ ಓಗೋದು ಯಾವಾಗ?"

"ಎಕ್ಕಡ ಆದಾಗ ಕಣಪ್ಪಾ," ಎಂದೆ. ಹೇಳಿದ ಮೇಲೆ ನನಗೇ ಅರ್ಥವಾಯಿತು. ಥೂ, ನನ್ನ ಬುದ್ಧಿಗಿಷ್ಟು!

ಕೈತೊಳೆಯುವ ನೆಪದಲ್ಲಿ ಎದ್ದೆ. ಜಗಲಿಯಲ್ಲಿದ್ದ ಮಾವನ ಟೈರನ್ನು ಮೆಟ್ಟಿಕೊಂಡು ಮನೆ ಸುತ್ತಿ ಹಿತ್ತಿಲ ಬಾಗಿಲಿಗೆ ಪಟಪಟ ಎಂದು ಹೋದೆ.

"ಯಾರ್ಲಾ ಅದು, ಎಕ್ಕಡ ಮೆಟ್ಕಂಡು ಅಡ್ಗೆಮನೆಗೇ ಬತ್ತಿರೋನು?" ಅತ್ತೆ ಸೌಟು ಎತ್ತಿದರು.

"ನಾನೇ ಅತ್ತೆ!" ನನ್ನ ದನಿ ಖುಷಿಗೆ ಒಡೆದುಹೋಯಿತು.

"ನೀವಾ! ಬನ್ನಿ, ಕೂತ್ಕಳಿ. ಬೂಡ್ಸಾಕಂಡ್ ಬಂದ್ರಲ್ಲ, ಇವ್ರೂ ನೆಂಟ್ರಾಗೋದ್ರೇನೋ ಅನ್ಕಂಡಿದ್ದೆ," ಎಂದು ನನ್ನ ತಟ್ಟೆಗೆ ತೆಂಗಿನಕಾಯಿ ಗಾತ್ರದ ಮುದ್ದೆ ಇಳಿಸಿದರು. ನನಗೆ ಕಣ್ಣು ತುಂಬಿತು. ಸಾರಿನ ಖಾರಕ್ಕೆ ಎಂದು ಸುಳ್ಳು ಹೇಳಿದೆ.

ಆ ಅಮಲಿನಲ್ಲಿ ಮಾಡಬಾರದ್ದೊಂದು ಮಾಡಿದೆ. ಶೂವನ್ನು ಭಾಮೈದನಿಗೆ ಧಾರಾಳವಾಗಿ ಕೊಟ್ಟುಬಿಟ್ಟು, ಮಾವನ ಟೈರಿನಲ್ಲೇ ಹಾಸನದ ಬಸ್‌ಸ್ಟ್ಯಾಂಡಿನ ತುಂಬ ಪಟಪಟ ನಡೆದು ಬಂದೆ. ಸವಿತಾ ನನ್ನಿಂದ ಹತ್ತು ಮಾರು ಹಿಂದೆಯೇ ಉಳಿದಳು.

ಬೆಳಿಗ್ಗೆ ಕಚೇರಿಗೆ ಹೊರಟಾಗ ಒಳಗಿನಿಂದ ಅವಳ ದನಿ ಬಂತು, ಬಹಳ ಮೆತ್ತಗೆ: "ತಮ್ಮ ಪಾದರಕ್ಷೆ ಬಾಗಿಲಲ್ಲಿದೆ."

ಪಾದರಕ್ಷೆ! ಹನ್ನೆರಡು ವರ್ಷದಲ್ಲಿ ಅವಳ ಬಾಯಿಂದ ಆ ಪದ ಕೇಳಿದ್ದು ಅದೇ ಮೊದಲು. ಅಡುಗೆಮನೆಗೆ ಇಣುಕಿದೆ. ನನ್ನ ತಟ್ಟೆಯನ್ನು ಹೊರಗೆ ಮೇಜಿನ ಮೇಲೆ ಇಟ್ಟಿದ್ದಳು, ಪಕ್ಕದಲ್ಲೊಂದು ಚಮಚ.