ಮಾವನ ಕಿತ್ತಳೆ ಸಿಪ್ಪೆಯ ಭರಣಿ

ನಮ್ಮ ಮಾವನ ಕೈಗೆ ನಿಮ್ಮ ಮಣಿಕಟ್ಟು ಸಿಕ್ಕಿತೋ, ಅರ್ಧ ಗಂಟೆ ಅದರ ಆಸೆ ಬಿಟ್ಟುಬಿಡಿ! ಮೂರು ಬೆರಳಿಟ್ಟು, ಕಣ್ಣು ಮುಚ್ಚಿ ನಾಡಿ ನೋಡುತ್ತಾ ಕೂರುತ್ತಾರೆ. ನಮ್ಮೂರ ಪಂಡಿತರ ವೈದ್ಯವಲ್ಲ, ಅಪ್ಪಟ ಚೀನಾ ವೈದ್ಯ. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದಾಗ ಸಿಂಗಾಪುರದ ಗಲ್ಲಿಯೊಂದರಲ್ಲಿ ಬೇರು-ನಾರು ಮಾರುವ ಚೀನಾದ ಮುದುಕನಿಂದ ಕಲಿತದ್ದಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಹಾಗಾದರೆ ಕಲಿತದ್ದೆಷ್ಟು? ಅದೊಂದು ಕೇಳಬೇಡಿ!

ಬೀಜಾಡಿಯ ಅವರ ಮನೆಯಲ್ಲಿ ಮಧ್ಯಾಹ್ನವೆಂದರೆ ಒಂದು ಮಂಪರು. ಒಲೆಯ ಮೇಲೆ ಶುಂಠಿ, ಒಣ ಸೇವಂತಿಗೆ, ಹೆಸರು ಗೊತ್ತಿಲ್ಲದ ಬೇರುಗಳು ಸಣ್ಣಗೆ ಕುದಿಯುತ್ತಿರುತ್ತವೆ. ಆ ಹಬೆಗೆ ಕಡಲಗಾಳಿ ಸೇರಿದರೆ ಮನೆಯೇ ಲಂಗರು ಕಿತ್ತು ಮೆಲ್ಲಗೆ ತೇಲಿದ ಹಾಗೆ. ನಾಡಿ ತೋರಿಸಲು ಬಂದ ಪಕ್ಕದ ಮನೆಯವರೂ ಮಾವನೂ ಕೈ ಹಿಡಿದುಕೊಂಡೇ ಗೊರಕೆ ಹೊಡೆದದ್ದನ್ನು ನಾನೇ ನೋಡಿದ್ದೇನೆ. ಎದ್ದವರು ಮಂಡಿನೋವು ಕಡಿಮೆಯಾಯಿತೆಂದು ಹೇಳಿ ಹೋದರು.

ಮಾವನ ಜೀವವೆಲ್ಲ ಒಂದು ಭರಣಿಯಲ್ಲಿ. ಒಳಗಿದ್ದದ್ದು ಆ ಮುದುಕ ಕೊಟ್ಟ ಕಿತ್ತಳೆ ಸಿಪ್ಪೆ! ಹಳತಾದಷ್ಟೂ ಗುಣ ಹೆಚ್ಚಂತೆ. ವರ್ಷಕ್ಕೊಮ್ಮೆ ಬಿಸಿಲಿಗಿಟ್ಟು ತಾವೇ ಕಾಗೆ ಕಾಯುತ್ತಾರೆಂದು ಅತ್ತೆ ನಗುತ್ತಿದ್ದರು. ನಮಗ್ಯಾರಿಗೂ ಮುಚ್ಚಳ ತೆರೆದು ತೋರಿಸಿದವರಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಊಟವನ್ನೇ ಬಿಟ್ಟಳು. ಎರಡು ತುತ್ತು ತಿಂದು ಎದ್ದುಬಿಡುವಳು. ದಿನೇ ದಿನೇ ಇಳಿದುಹೋಗುತ್ತಿದ್ದವಳನ್ನು ನೋಡಿ ಹೆದರಿಕೆಯಾಯಿತು. ಅವಳ ತಮ್ಮನಾದ ಈ ಮಾವನ ಮನೆಗೆ ಕರೆತಂದೆ. ಮಾವ ಕಷಾಯದ ಮೇಲೆ ಕಷಾಯ ಕುದಿಸಿದರು. ಅಮ್ಮ ಮೂಸಿ ನೋಡಿ ಲೋಟ ದೂಡಿದಳು. ಕೊನೆಗೊಂದು ದಿನ ಮಾವ ಭರಣಿಯನ್ನೇ ಇಳಿಸಿದರು. ಸಿಪ್ಪೆಯನ್ನೆಲ್ಲ ಅಡುಗೆಮನೆಯ ತಟ್ಟೆಯೊಂದಕ್ಕೆ ಸುರಿದು, ಮುದುಕ ಹೇಳಿಕೊಟ್ಟಂತೆ ಮಡಿಯಾಗಿ ಬಂದು ಒಳ್ಳೆಯದನ್ನು ಆರಿಸೋಣವೆಂದು ಸ್ನಾನಕ್ಕೆ ಹೋದರು.

ಅಂದು ಅಡುಗೆ ನನ್ನದು; ಭರಣಿ ಇಳಿಸಿದ್ದು ನನಗೆ ಗೊತ್ತಿರಲಿಲ್ಲ. ಬಂಗುಡೆ ಮೀನಿನ ಸಾರಿಗೆ ಹುಳಿ ಬೇಕಿತ್ತು. ಕಪ್ಪಗೆ ಸುಕ್ಕುಗಟ್ಟಿದ ಸಿಪ್ಪೆ ಕಂಡರೆ ನಮ್ಮ ಕಡೆಯವರು ಹುಳಿಗೆ ಒಣಗಿಸಿಟ್ಟ ಪುನರ್ಪುಳಿ ಹಣ್ಣಿನ ಸಿಪ್ಪೆ ಎನ್ನದೆ ಇನ್ನೇನೆನ್ನುತ್ತಾರೆ? ಹಾಕಿ ಕುದಿಸಿ, ಅಮ್ಮನಿಗೆ ಬಡಿಸಿಯೂ ಬಂದೆ.

ಮಾವ ಬಂದು ಖಾಲಿ ತಟ್ಟೆ ನೋಡಿದರು.

"ಇದ್ರಗಿದ್ದದ್ದ್ ಎಂತ ಆಯ್ತ್?"

"ಸಾರಿಗ್ ಹಾಕ್ದೆ, ಮಾವ. ಪುನರ್ಪುಳಿ ಅಂದ್ಕಂಡೆ."

"ಎಲ್ಲ?"

"ಎಲ್ಲ."

ಮಾವ ಖಾಲಿ ತಟ್ಟೆಯನ್ನೇ ಮಗುಚಿ ನೋಡಿದರು. ಅಷ್ಟರಲ್ಲಿ ಹೊರಗಿನಿಂದ ಅಮ್ಮನ ಸಣ್ಣ ದನಿ ಕೇಳಿತು.

"ಇನ್ನೊಂಚೂರ್ ಅನ್ನ ಇತ್ತಾ?"

ಮಾವ ನನ್ನನ್ನು ಸರಿಸಿ ಅನ್ನದ ಪಾತ್ರೆಯನ್ನೂ ಸಾರಿನ ಪಾತ್ರೆಯನ್ನೂ ತಾವೇ ಎತ್ತಿಕೊಂಡು ಹೋದರು. ಗುಣ ಸಿಪ್ಪೆಯದೋ ಬಂಗುಡೆಯದೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಾಯಿ ಸತ್ತಾಗ ಎರಡು ವರ್ಷದ ಮಗುವಾಗಿದ್ದ ಮಾವನಿಗೆ ಅನ್ನ ಕಲಸಿ ಉಣಿಸಿದವಳು ನಮ್ಮಮ್ಮ.

"ಉಣ್ಣಕ್ಕ, ನಿಧಾನಕ್ ಉಣ್," ಎನ್ನುತ್ತಾ ಬಡಿಸಿದರು. ಮತ್ತೆ ಬೇಕಾದೀತೆಂದು ಪಾತ್ರೆಗಳನ್ನು ಎತ್ತಿಕೊಂಡೇ ಅವಳು ಏಳುವವರೆಗೂ ಅಲ್ಲೇ ನಿಂತಿದ್ದರು. ಮಾವನ ಕಣ್ಣೀರು ಇಳಿಯುತ್ತಲೇ ಇತ್ತು. ಎರಡೂ ಕೈಯಲ್ಲಿ ಪಾತ್ರೆಯಿದ್ದುದರಿಂದ ಒರೆಸಿಕೊಳ್ಳಲಿಲ್ಲ.