ಹೋದ ತಿಂಗಳಲ್ಲೇ ನಿಂತೋದ ಕಂಪ್ಯೂಟ್ರು

ಅಣ್ಣಾ, ಇಲ್ ಕೇಳು, ನೀನ್ ನಂಬಕ್ಕಿಲ್ಲ! ಈಗ್ತಾನೇ ಆಗಿದ್ದು. ಸಿರಾ ಬಸ್‌ಸ್ಟ್ಯಾಂಡ್ ಹಿಂದ್ಗಡೆ ಆನ್‌ಲೈನ್ ಅರ್ಜಿ ಹಾಕೋ ಅಂಗ್ಡೀಲಿ ನಾನು ಸೇರಿ ವರ್ಸ ಆಯ್ತು. ದಿನಾ ಒಂದಲ್ಲ ಒಂದು ಇಂಥದ್ದೇ. ಆದ್ರೆ ಇವತ್ತಿಂದು ಬ್ಯಾರೇನೇ!

೧. ಕಳ್ಳರವ್ರೆ, ಹುಷಾರು

ಬೆಳಿಗ್ಗೆ ಹತ್ತಕ್ಕೆ ಗೌಡಗೆರೆಯಿಂದ ಒಬ್ಬಕ್ಕ ಬಂದ್ಲು. ಹಾಸ್ಟೆಲಲ್ಲಿ ಅಡುಗೆ ಕೆಲ್ಸಕ್ಕೆ ಅರ್ಜಿ ಹಾಕಿದ್ಲಂತೆ. ಕರೆಪತ್ರ ಡೌನ್‌ಲೋಡ್ ಮಾಡಿ, ಪ್ರಿಂಟ್ ತಗಂಡು, ಮಧ್ಯಾಹ್ನ ಒಂದ್ರೊಳಗೆ ಆಫೀಸಲ್ಲಿ ತೋರುಸ್ಬೇಕು. ಇಲ್ದಿದ್ರೆ ಕೆಲ್ಸ ಮುಂದಿನೋರಿಗೆ.

"ಎಲ್ಡು ನಿಮ್ಸ ಕಣಕ್ಕ" ಅಂತ ಜಂಬವಾಗಿ ಕ್ಲಿಕ್ ಮಾಡ್ದೆ. ಸ್ಕ್ರೀನ್ ತುಂಬ ಕೆಂಪು ತ್ರಿಕೋನ! ಈ ಸೈಟ್ ಸುರಕ್ಷಿತ ಅಲ್ಲ, ಕಳ್ಳರು ನಿಮ್ಮ ಮಾಹಿತಿ ಕದೀಬೋದು ಅಂತ.

ಅಕ್ಕ ಬಗ್ಗಿ ಓದಿದ್ಲು. "ನನ್ ಮಾಹಿತೀನಾ? ಎಂಟ್ನೇ ಕ್ಲಾಸು, ಅದ್ರಲ್ಲೂ ಎಲ್ಡ್ ಸಲ ಫೇಲು. ಕದ್ಕಂಡ್ ಓಗ್ಲಿ ಬುಡು, ಅವ್ರಿಗೇ ನಾಚ್ಕೆ."

೨. ದೂರು ಕೊಡೋ ಜಾಗ

ನನ್ ಫೋನಲ್ಲಿ ನೋಡಾನಾ ಅಂದ್ರೆ, ನಾನ್ ಕೆಲ್ಸ ಬಿಟ್ಟು ರೀಲ್ಸ್ ನೋಡ್ತೀನಿ ಅಂತ ಓನರ್ ಬೆಳಿಗ್ಗೇನೇ ಕಿತ್ಕಂಡು ಹೋಗಿದ್ದ. ಅಕ್ಕಂದು ಬಟನ್ ಫೋನು. ಅದ್ರಲ್ಲೇ ಆ ಸೈಟಿನ ಸಹಾಯವಾಣಿಗೆ ಫೋನ್ ಮಾಡ್ದೆ. ಅಲ್ಲೊಬ್ರು ಮೇಡಮ್ಮು, ಹಿಸ್ಟರಿ ಅಳುಸಿ ಅಂದ್ರು, ಅಳುಸ್ದೆ. ಬ್ಯಾರೆ ಬ್ರೌಸರ್ ಹಾಕಿ ಅಂದ್ರು, ಹಾಕ್ದೆ. ಅದೇ ಕೆಂಪು!

"ಹಂಗಾದ್ರೆ ನಮ್ಮ ವೆಬ್‌ಸೈಟಲ್ಲಿ ದೂರು ಹಾಕಿ."

"ಮೇಡಂ, ವೆಬ್‌ಸೈಟೇ ಓಪನ್ ಆಗ್ತಿಲ್ಲ!"

"ಅದನ್ನೇ ಅಲ್ಲಿ ಬರೀರಿ."

ಪಕ್ಕದಂಗ್ಡಿಗೆ ಹೋಗಕ್ಕ ಅನ್ನಬೋದಿತ್ತಣ್ಣ. ಅನ್ಲಿಲ್ಲ. ನನ್ ಕೈಲಿ ಆಗಲ್ಲ ಅಂತ ಹೆಂಗ್ ಹೇಳ್ಲಿ? ಅಲ್ಲೇ ಹನ್ನೆರಡೂವರೆ ಆಗೋಯ್ತು.

೩. ಹುಟ್ಟೋಕ್ ಮುಂಚೆ

ಆಗ ಓನರ್ ಬಂದ. "ಕೇಬಲ್ ಕಿತ್ತು ತಿರ್ಗ ಹಾಕ್ದೇನ್ಲಾ?"

"ಐದ್ ಸಲ ಆಯ್ತು."

"ಆರ್ನೇ ಸಲ ಹಾಕು."

ಟೈಮೆಷ್ಟು ಅಂತ ಸ್ಕ್ರೀನ್ ಮೂಲೆ ನೋಡ್ತೀನಿ, ಅಣ್ಣಾ, ಕಂಪ್ಯೂಟ್ರು ಇನ್ನೂ ಹೋದ ತಿಂಗಳಲ್ಲೈತೆ! ಯಾರೋ ಅರ್ಜಿ ಹಾಕೋ ಕೊನೇ ದಿನ ತಪ್ಪಿಸ್ಕಂಡಿದ್ನಂತೆ. ನೆನ್ನೆ ಸಂಜೆ ಓನರ್ರು ತಾರೀಖು ಒಂದ್ ತಿಂಗ್ಳು ಹಿಂದಕ್ ತಳ್ಳಿ, ಪ್ರಿಂಟಿನ ಮೂಲೇಲಿ ಹಳೇ ತಾರೀಖು ಬರಂಗೆ ಅವನರ್ಜಿ ಹೊಡ್ಕೊಟ್ಟು, ಸರಿ ಮಾಡೋದ್ ಮರ್ತವ್ನೆ. ಆ ಸೈಟು ಅಸಲಿ ಅಂತ ಕಂಪ್ಯೂಟ್ರಿಗೆ ತೋರ್ಸೋ ಸರ್ಟಿಫಿಕೇಟು ಹೋದ್ವಾರದಿಂದ ಶುರುವಾಗೋದು. ಹುಟ್ಟೋಕ್ ಮುಂಚೇನೇ ಬರ್ತ್ ಸರ್ಟಿಫಿಕೇಟ್ ತಂದ್ರೆ ಯಾರ್ ನಂಬ್ತಾರೆ? ಕಂಪ್ಯೂಟ್ರು ಕಳ್ಳ ಕಳ್ಳ ಅಂತ ಬಡ್ಕಂತಿತ್ತು.

ಓನರ್ ತಲೆ ಕೆರ್ಕಂಡ. "ಒಂದ್ ಮಿಷನ್‌ಗೆ ಇಷ್ಟೊಂದ್ ನಿಯತ್ತು ಯಾಕ್ಲಾ?"

೪. ಸಾಕ್ಷಿ

ತಾರೀಖು ಸರಿ ಮಾಡಿದ್ತಕ್ಷಣ ಕರೆಪತ್ರ ಬಂತು. ಅಕ್ಕ ಓಡಿದ್ಲು. ಒಂದೂವರೆಗೆ ವಾಪಸ್ಸು.

"ಒಂದ್ ಗಂಟೆ ದಾಟ್ತು ಅಂತ ಬಾಗ್ಲಾಕ್ಬುಟ್ರು ಕಣಪ್ಪ. ನೆಟ್ಟಲ್ಲಿ ಬರ್ಲಿಲ್ಲ ಅಂದೆ. ಹಂಗಾದ್ರೆ ಆ ಕೆಂಪು ಪುಟದ ಪ್ರಿಂಟ್ ತಾ, ಇವತ್ತಿನ ತಾರೀಖಿರ್ಬೇಕು, ನಾಳೆ ನೋಡ್ತೀನಿ ಅಂದ್ರು."

ನೋಡಣ್ಣ ಗ್ರಾಚಾರ! ಇವತ್ತಿನ ತಾರೀಖು ಇಟ್ರೆ ಕೆಂಪು ಬರಲ್ಲ, ಕೆಂಪು ಬರ್ಸಾಕೆ ಹಿಂದಕ್ ತಳ್ಳಿದ್ರೆ ಪ್ರಿಂಟಲ್ಲಿ ಹೋದ ತಿಂಗಳು! ಸುಳ್ಳು ಹೊಡ್ದಿದ್ದು ನಾವು, ಸಾಕ್ಷಿ ಇಲ್ದೆ ನಿಂತಿದ್ದು ಅವಳು.

ಓನರ್ ಊಟಕ್ ಹೋಗಿದ್ದ. ‘ತಪ್ಪು ನಮ್ಮ ಅಂಗಡೀದು, ಕಂಪ್ಯೂಟರ್ ತಾರೀಖು ನಾವೇ ಬದಲಾಯಿಸಿದ್ವಿ’ ಅಂತ ಬರ್ದು, ಸೈನ್ ಹಾಕಿ, ಅಂಗ್ಡಿ ಸೀಲ್ ಹೊಡ್ಕೊಟ್ಬುಟ್ಟೆ. ಆಫೀಸ್ನೋರು ಇಸ್ಕಂಡ್ರಂತೆ. ನಾಳೆ ಹತ್ತಕ್ಕೆ ಬಾ ಅಂದ್ರಂತೆ. "ನಿನ್ ಹೊಟ್ಟೆ ತಣ್ಣಗಿರ್ಲಿ" ಅಂತ ಹೇಳೋಕೇ ಅಕ್ಕ ತಿರ್ಗ ಬಂದ್ಲು. ಅಷ್ಟ್ರಲ್ಲಿ ಹಿಂದ್ಗಡೆ ಓನರ್, ಎಲ್ಲಾ ಕೇಳಿಸ್ಕಂಡವ್ನೆ!

ಅವಳು ಹೋಗೋವರ್ಗೂ ಕಾದ. ಬೈತಾನೆ, ಹೊಡೀತಾನೆ ಅನ್ಕಂಡೆ. ಇಲ್ಲ. ತಣ್ಣಗೆ ಕುರ್ಚಿ ತೋರ್ಸಿ "ಕೂತ್ಕಳಪ್ಪ, ಟೈಪ್ ಮಾಡು" ಅಂದ. ಕೂತ್ಕಂಡೆ. ಅವ್ನು ಒಂದೊಂದೇ ಸಾಲು ಹೇಳ್ದ. ‘ಈ ಹುಡುಗನನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ಇನ್ನು ಮುಂದೆ ಇವನ ಸಹಿಗೆ ಅಂಗಡಿ ಜವಾಬ್ದಾರಿ ಅಲ್ಲ.’ ಟೈಪ್ ಮಾಡ್ದೆ ಕಣಣ್ಣ, ನನ್ ಕೈಯಾರೆ!

ಆಮೇಲ್ ಹೇಳ್ತಾನೆ, "ತಾರೀಖು ಮಾತ್ರ ಹೋದ ತಿಂಗಳಿಂದು ಹಾಕ್ಲಾ. ಬೆಳಿಗ್ಗೆ ಆಫೀಸಿಗೆ ಕೊಡ್ತೀನಿ. ನೀನ್ ನಮ್ಮೋನೇ ಅಲ್ಲ ಅಂದ್ಮ್ಯಾಕೆ, ಆ ಹೆಂಗ್ಸಿನ ಕಾಗ್ದಕ್ ಏನ್ ಬೆಲೆ?"

ನೀರ್ ಕುಡ್ಕಂಡ್ ಬತ್ತೀನಿ ಅಂತ ಎದ್ದು ನಿನ್ತಾವ ಓಡ್ಬಂದಿವ್ನಿ. ಅಲ್ಲಿ ಕಂಪ್ಯೂಟ್ರು ಇನ್ನೂ ತಾರೀಖು ಕೇಳ್ತಾ ಐತೆ. ನೀನಾಗಿದ್ರೆ ಏನ್ ಮಾಡ್ತಿದ್ದೆ, ಹೇಳಣ್ಣ?